ಪರ್ವತದ ದಾರಿಯಲ್ಲಿ ಸಂಗಡಿಗರು: 'ಸಿದ್ಧರಾಮ ಚರಿತ್ರೆ'ಯ ಒಂದು ಪ್ರಸಂಗ

ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ 'ಪರ್ವತ' ಎಂದರೆ ಬೇರೆ ವಿವರಣೆ ಬೇಕಿಲ್ಲ, ಅದು ಶ್ರೀಶೈಲವೇ. ಪರ್ವತಪ್ಪ, ಪರ್ವತಮ್ಮ ಎಂಬ ಹೆಸರುಗಳು ಇಲ್ಲಿನ ಕನ್ನಡದ ಮನೆಗಳಲ್ಲಿಯೂ ತೆಲುಗಿನ ಮನೆಗಳಲ್ಲಿಯೂ ಉಂಟು. ತುಂಗಭದ್ರೆಯ ದಡದ ಅಲಂಪುರವನ್ನು ಹಿಂದಿನವರು ಶ್ರೀಶೈಲದ ಪಶ್ಚಿಮ ದ್ವಾರವೆಂದು ಕರೆದರು. 1956ರ ನವೆಂಬರ್ 1ರಂದು ಗದ್ವಾಲ, ಅಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ಪ್ರದೇಶವನ್ನು ಸೇರಿದವು. ಪರ್ವತಕ್ಕೆ ನಡೆಯುವವರ ಮಟ್ಟಿಗೆ ಅದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ.

ಯುಗಾದಿಗೆ ಮುನ್ನ ಬಾಗಲಕೋಟೆ, ವಿಜಯಪುರ, ಬೆಳಗಾವಿ, ಕಲಬುರಗಿ, ರಾಯಚೂರುಗಳಿಂದ ಹೊರಡುವ ಪಾದಯಾತ್ರಿಗಳನ್ನು ಈ ಸಂಘದ ಸದಸ್ಯರೆಲ್ಲ ಬಲ್ಲರು. ಹೆಗಲ ಮೇಲೆ ಮಲ್ಲಯ್ಯನ ಕಂಬಿ, ಬರಿಗಾಲು, ಕೆಲವರಿಗೆ ಮರಗಾಲು. ಭ್ರಮರಾಂಬೆ ಕನ್ನಡಿಗರ ಮನೆಮಗಳು, ಮಲ್ಲಿಕಾರ್ಜುನನು ಅಳಿಯ ಎಂಬ ಭಾವದಿಂದ ಮಗಳಿಗೆಂದು ಸೀರೆ, ಅರಿಸಿನ, ಕುಂಕುಮಗಳನ್ನು ಒಯ್ಯುವ ತಾಯಂದಿರೂ ಅವರಲ್ಲಿರುತ್ತಾರೆ. ಆತ್ಮಕೂರಿನ ಕಡೆಯಿಂದ ನಲ್ಲಮಲದ ಕಾಡನ್ನು ಹೊಕ್ಕು, ಭೀಮನ ಕೊಳ್ಳವನ್ನು ಇಳಿದು, ಮೆಟ್ಟಿಲುಗಳನ್ನೇರಿ ಕೈಲಾಸ ದ್ವಾರವನ್ನು ತಲುಪುವ ಆ ದಾರಿ ಸುಲಭವಾದುದಲ್ಲ.

ಈ ಯಾತ್ರೆಯ ವಿಷಯದಲ್ಲಿ ನಮ್ಮ ವೇದಿಕೆಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಗುಂಪಿನಲ್ಲಿ ನಡೆದರೆ ಸಾಕು, ಮನಸ್ಸಿನ ಕೊಳೆ ತಾನೇ ತೊಳೆದುಹೋಗುತ್ತದೆ ಎನ್ನುವವರು ಒಂದು ಕಡೆ. ವಚನಕಾರರು ಸ್ಥಾವರವನ್ನೂ ತೀರ್ಥಕ್ಷೇತ್ರಗಳನ್ನೂ ನಿರಾಕರಿಸಿರುವಾಗ ಈ ನಡಿಗೆ ಕೇವಲ ದೇಹದಂಡನೆ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ರಾಘವಾಂಕನ 'ಸಿದ್ಧರಾಮ ಚರಿತ್ರೆ'ಯ ಶ್ರೀಶೈಲ ಪ್ರಸಂಗವನ್ನು ನಿಧಾನವಾಗಿ ಓದಿದಂತೆ ಕಾಣುವುದಿಲ್ಲ. ಅದನ್ನು ಒಂದು ಪವಾಡದ ಕಥೆಯೆಂದು ಹೇಳಿ ಮುಗಿಸಿಬಿಡುವುದು ನಮ್ಮಲ್ಲಿ ರೂಢಿಯಾಗಿದೆ.

ಕಥೆಯನ್ನು ಸ್ಮರಿಸೋಣ. ಸೊನ್ನಲಿಗೆಯ ಮುದ್ದಗೌಡ, ಸುಗ್ಗವ್ವೆಯರ ಮಗ ಸಿದ್ಧರಾಮ ಮಾತಿಲ್ಲದ ಮುಗ್ಧ. ಊರಿನವರ ಎಣಿಕೆಯಲ್ಲಿ ದಡ್ಡ. ಹೊಲ ಕಾಯುವ ಹುಡುಗನ ಬಳಿಗೆ ಒಬ್ಬ ಜಂಗಮನು ಬರುತ್ತಾನೆ, ತನ್ನ ಹೆಸರು ಮಲ್ಲಯ್ಯನೆನ್ನುತ್ತಾನೆ, ಎಳೆಯ ತೆನೆಯನ್ನು ತಿಂದು ಮಜ್ಜಿಗೆಯ ಊಟವನ್ನು ಕೇಳುತ್ತಾನೆ. ಹುಡುಗ ಮನೆಗೆ ಓಡಿಹೋಗಿ ಊಟ ತರುವಷ್ಟರಲ್ಲಿ ಅವನಿಲ್ಲ. ಅಳುತ್ತ ಅಲೆಯುವ ಹುಡುಗನಿಗೆ ಶ್ರೀಶೈಲಕ್ಕೆ ಹೊರಟ ಯಾತ್ರಿಕರ ತಂಡವೊಂದು ಎದುರಾಗುತ್ತದೆ. ಮಲ್ಲಯ್ಯನನ್ನು ನಾವು ಬಲ್ಲೆವು, ತೋರಿಸುತ್ತೇವೆ, ಬಾ ಎನ್ನುತ್ತಾರೆ.

ಇಲ್ಲಿ ರಾಘವಾಂಕನ ಸೂಕ್ಷ್ಮತೆಯನ್ನು ಗಮನಿಸಬೇಕು. ಈ ಯಾತ್ರಿಕರು ವಂಚಕರಲ್ಲ. ಅವರ ಮಾತು ಅವರ ಮಟ್ಟಿಗೆ ಪೂರ್ಣ ಸತ್ಯ. ಹುಡುಗನ ಮಟ್ಟಿಗೂ ಅದು ಸತ್ಯವೇ. ಆದರೆ ಇಬ್ಬರೂ ಒಂದೇ ಹೆಸರಿನಿಂದ ಬೇರೆ ಬೇರೆ ವ್ಯಕ್ತಿಯನ್ನು ಕುರಿತು ಮಾತನಾಡುತ್ತಿದ್ದಾರೆ. ಅವರಿಗೆ ಮಲ್ಲಯ್ಯನು ದೇವಾಲಯದ ಒಡೆಯ. ಇವನಿಗೆ ಹಸಿದು ಊಟ ಕೇಳಿದವನು. ಇಡೀ ದಾರಿಯನ್ನು ಅವರು ಜೊತೆಯಾಗಿ ನಡೆಯುತ್ತಾರೆ, ಈ ಭೇದ ಯಾರ ಅರಿವಿಗೂ ಬರುವುದಿಲ್ಲ. ಗುಂಪಿನ ಯಾತ್ರೆಯ ಸ್ವರೂಪವನ್ನು ಇಷ್ಟು ಸರಳವಾಗಿ, ಇಷ್ಟು ನಿಖರವಾಗಿ ತೋರಿಸಿದ ಇನ್ನೊಂದು ಸಂದರ್ಭವನ್ನು ನಮ್ಮ ಹಳೆಯ ಕಾವ್ಯಗಳಲ್ಲಿ ನಾನು ಕಂಡಿಲ್ಲ.

ಗರ್ಭಗುಡಿಯ ಮುಂದೆ ಆ ಭೇದ ಒಡೆದು ಕಾಣುತ್ತದೆ. ಇಗೋ ಮಲ್ಲಯ್ಯ ಎಂದು ಲಿಂಗವನ್ನು ತೋರಿಸುತ್ತಾರೆ. ಹುಡುಗ ಒಪ್ಪುವುದಿಲ್ಲ; ಇದು ಕಲ್ಲು, ನನ್ನ ಮಲ್ಲಯ್ಯನೆಲ್ಲಿ ಎಂದು ಕೇಳುತ್ತಾನೆ. ತಂಡದವರಿಗೆ ಯಾತ್ರೆ ಸಫಲವಾಗಿ ಮುಗಿದ ಗಳಿಗೆಯಲ್ಲಿಯೇ ಅವನ ಯಾತ್ರೆ ಆರಂಭವಾಗುತ್ತದೆ. ಅಲ್ಲಿಂದ ಮುಂದೆ ಕವಿಯ ಕಣ್ಣು ಹುಡುಗನ ಹಿಂದೆಯೇ ಹೋಗುತ್ತದೆ; ಸಂಗಡಿಗರು ಹಿನ್ನೆಲೆಗೆ ಸರಿಯುತ್ತಾರೆ. ಬೆಟ್ಟದಲ್ಲೆಲ್ಲ ಕೂಗುತ್ತ ಅಲೆದು ಅವನು ಪ್ರಪಾತದ ಅಂಚಿಗೆ ಬಂದು ನಿಲ್ಲುತ್ತಾನೆ. ಸಂವಾದಗಳ ಬಿರುಸಿಗೆ ಹೆಸರಾದ ರಾಘವಾಂಕನ ಷಟ್ಪದಿ ಇಲ್ಲಿ ಮಗುವಿನ ಅಳುವಿಗೆ ಬಾಗಿ ಮೆದುವಾಗುತ್ತದೆ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತರಗತಿಯಲ್ಲಿ ನಿಂತವನಿಗೆ ಈ ಹುಡುಗ ಅಪರಿಚಿತನಲ್ಲ. ಇಡೀ ತರಗತಿ ಒಪ್ಪಿದ ಉತ್ತರವನ್ನು ಒಪ್ಪದೆ ಸುಮ್ಮನೆ ಕುಳಿತಿರುವ ಒಬ್ಬನಿರುತ್ತಾನೆ. ಅವನನ್ನು ದಡ್ಡನೆಂದು ಹಾಜರಿ ಪುಸ್ತಕದ ಕೊನೆಗೆ ತಳ್ಳುವುದು ನಮ್ಮ ಶಾಲೆಗಳಿಗೆ ಸುಲಭ. ಅದಿರಲಿ.

ಶಿವನು ಪ್ರತ್ಯಕ್ಷನಾಗಿ ಕೈಹಿಡಿದು ಉಳಿಸುವ ಭಾಗವನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕಾವ್ಯದ ಬಿಗಿ ಅದರ ಹಿಂದಿನ ಪದ್ಯಗಳಲ್ಲಿದೆ. ಸೊನ್ನಲಿಗೆಗೆ ಮರಳಿದ ಮೇಲೆ ಪವಾಡಗಳು ಒಂದರ ಹಿಂದೆ ಒಂದು ಬಂದು ಓದುಗನ ಉಸಿರು ಸಡಿಲವಾಗುತ್ತದೆ. ಆದರೂ ಅಲ್ಲಿ ಮರೆಯಬಾರದ ಒಂದು ಸಂಗತಿಯಿದೆ. ಪರ್ವತದಿಂದ ಇಳಿದ ಹುಡುಗ ಪರ್ವತದ ಮಹಿಮೆಯನ್ನು ಹೇಳುತ್ತ ಕೂರುವುದಿಲ್ಲ. ಕೆರೆ ಕಟ್ಟಿಸುತ್ತಾನೆ, ಗುಡಿ ಕಟ್ಟಿಸುತ್ತಾನೆ, ತನ್ನ ಊರನ್ನೇ ಇನ್ನೊಂದು ಶ್ರೀಶೈಲವನ್ನಾಗಿ ಮಾಡಲು ಹೊರಡುತ್ತಾನೆ.

ಇದಕ್ಕೆ ಎದುರಾಗಿ ತೆಲುಗಿನ ಪಾಲ್ಕುರಿಕಿ ಸೋಮನಾಥನ 'ಪಂಡಿತಾರಾಧ್ಯ ಚರಿತ್ರ'ವನ್ನು ಇಟ್ಟು ನೋಡಬೇಕು. ಸೋಮನಾಥನು ನಮಗೆ ಹೊರಗಿನವನಲ್ಲ. ಕನ್ನಡದಲ್ಲಿಯೂ ಬರೆದವನು, ಅವನ 'ಬಸವಪುರಾಣ'ವನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದನು. 'ಪಂಡಿತಾರಾಧ್ಯ ಚರಿತ್ರ'ದ ಐದು ಪ್ರಕರಣಗಳಲ್ಲಿ ಕೊನೆಯದರ ಹೆಸರೇ ಪರ್ವತ ಪ್ರಕರಣ. ಅಲ್ಲಿ ನಾಯಕನೆಂದರೆ ಗುಂಪು. ಶಿವರಾತ್ರಿಗೆ ಬೆಟ್ಟ ಹತ್ತುವ ಬಗೆಬಗೆಯ ಹರಕೆಯ ಜನ, ಅವರ ತುಮ್ಮೆದ ಪದ, ಪರ್ವತ ಪದ, ಆನಂದ ಪದ, ಶಂಕರ ಪದಗಳು, ಕುಣಿತ, ಆಟಗಳನ್ನು ಸೋಮನಾಥನು ದ್ವಿಪದದ ಓಟದಲ್ಲಿ ದಣಿಯದೆ ಹೇಳುತ್ತಾನೆ. ಅವನು ಹೆಸರಿಸಿದ ಹಾಡಿನ ಬಗೆಗಳು ತೆಲುಗು ಜಾನಪದದ ವಿದ್ವಾಂಸರಿಗೆ ಇಂದಿಗೂ ಆಧಾರ. ಅಲ್ಲಿ ಒಬ್ಬಂಟಿಯಾಗಿ ಕೊರಗುವ ಹುಡುಗನಿಗೆ ಎಡೆಯಿಲ್ಲ. ಇಲ್ಲಿ ಹಾಡುವ ಗುಂಪಿಗೆ ಕವಿ ಹೆಚ್ಚು ಹೊತ್ತು ಕೊಡುವುದಿಲ್ಲ. ಒಂದೇ ಬೆಟ್ಟ, ಎರಡು ಕಾವ್ಯಗಳು. ಎರಡು ಭಾಷೆಗಳನ್ನೂ ಬಲ್ಲ ನಮ್ಮ ಸೀಮೆಯವರು ಇವುಗಳಲ್ಲಿ ಒಂದನ್ನು ಮಾತ್ರ ಓದಿದರೆ ಆ ನಡಿಗೆಯ ಅರ್ಧವನ್ನಷ್ಟೇ ಕಂಡಂತಾಗುತ್ತದೆ.

ಹಾಗೆಂದು ಗುಂಪನ್ನು ಹಳಿಯುವವರ ಜೊತೆಗೂ ನಾನು ಸೇರಲಾರೆ. ಆ ತಂಡ ಎದುರಾಗದಿದ್ದರೆ ಸಿದ್ಧರಾಮನು ಹೊಲದ ಬದುವನ್ನು ದಾಟುತ್ತಿರಲಿಲ್ಲ. ನಲ್ಲಮಲದಲ್ಲಿ ನೀರು ಎಲ್ಲಿದೆ, ದಾರಿ ಎಲ್ಲಿ ಕವಲೊಡೆಯುತ್ತದೆ, ಯಾವ ಹೊತ್ತಿಗೆ ನಡೆಯಬೇಕು ಎಂಬುದು ಗುಂಪಿಗೆ ಗೊತ್ತಿರುತ್ತದೆ, ಒಬ್ಬನಿಗಲ್ಲ. ದಾರಿಯ ಊರುಗಳವರು ದಾಸೋಹವಿಟ್ಟು, ಬೊಬ್ಬೆಯೆದ್ದ ಪಾದಗಳಿಗೆ ಎಣ್ಣೆ ಹಚ್ಚುವುದನ್ನು ನಾವೆಲ್ಲ ನೋಡಿದ್ದೇವೆ. ಎಣ್ಣೆ ಹಚ್ಚುವವನು ಜಾತಿ ಕೇಳಿದ್ದನ್ನು ನಾನು ಕಂಡಿಲ್ಲ. ಬಸ್ಸಿನಲ್ಲಿ ಊರಿಗೆ ಮರಳಿದ ವಾರದೊಳಗೆ ಅದೇ ಯಾತ್ರಿಕರು ಬಾವಿಕಟ್ಟೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ಜಾತಿ ಕೇಳುವುದನ್ನು ಕಂಡಿದ್ದೇನೆ. ಪರ್ವತದ ದಾರಿಯಲ್ಲಿ ಬಂದ ಬದಲಾವಣೆ ಬಸ್ಸು ಹತ್ತುವವರೆಗಿನದೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ರಾಘವಾಂಕನು ಕೆರೆಯನ್ನು ತಂದುದು ಈ ಪ್ರಶ್ನೆಗಾಗಿಯೇ ಎಂದು ನಾನು ಓದಿಕೊಳ್ಳುತ್ತೇನೆ.

15ನೆಯ ಶತಮಾನದ 'ಶೂನ್ಯಸಂಪಾದನೆ'ಗೆ ಆ ಕೆರೆಯೂ ಸಾಲದು. ಅಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬಂದು, ಮಣ್ಣು ಕಲ್ಲುಗಳ ಕೆಲಸದಲ್ಲಿ ಮುಳುಗಿದ ಸಿದ್ಧರಾಮನನ್ನು ವಡ್ಡರಾಮನೆಂದು ಕರೆಯುತ್ತಾನೆ. ಕೆಲಸದವರು ಕೋಪಗೊಂಡು ಕಲ್ಲು ಬೀರುತ್ತಾರೆ. ಆ ಕರೆಯಲ್ಲಿ ಒಂದು ವೃತ್ತಿಯ ಹೆಸರು ಹೀಯಾಳಿಕೆಯಾಗಿ ಬಳಕೆಯಾದದ್ದು ಇಂದಿನ ಓದುಗನಿಗೆ ಚುಚ್ಚುತ್ತದೆ, ಚುಚ್ಚಬೇಕು ಕೂಡ. ಆದರೆ ಅಲ್ಲಮನ ಆಕ್ಷೇಪಣೆಯ ತಿರುಳು ಬೇರೆ: ಪರ್ವತದಲ್ಲಿ ದೇವರನ್ನು ಕಂಡವನು ತಾನು ಕಟ್ಟಿದ ಕಲ್ಲುಗಳಲ್ಲಿ ಮತ್ತೆ ಸಿಕ್ಕಿಕೊಂಡಿದ್ದಾನೆ. ಆಮೇಲೆ ಸಿದ್ಧರಾಮನು ಅಲ್ಲಮನೊಡನೆ ಕಲ್ಯಾಣಕ್ಕೆ ನಡೆಯುತ್ತಾನೆ, ಚೆನ್ನಬಸವಣ್ಣನಿಂದ ದೀಕ್ಷೆ ಪಡೆಯುತ್ತಾನೆ. ಅಂದರೆ ಅವನ ಬದುಕಿನಲ್ಲಿ ಎರಡು ನಡಿಗೆಗಳು. ಮೊದಲನೆಯದಕ್ಕೆ ಗುಂಪು, ಎರಡನೆಯದಕ್ಕೆ ವಾದಿಸುವ ಒಬ್ಬ ಜೊತೆಗಾರ. ಯಾತ್ರೆಯನ್ನು ಹೊಗಳುವ ಭಾಷಣಕಾರರು ಮೊದಲನೆಯದರಲ್ಲಿ ನಿಲ್ಲುತ್ತಾರೆ, ತೆಗಳುವವರು ಎರಡನೆಯದರಿಂದ ಆರಂಭಿಸುತ್ತಾರೆ.

ಅಕ್ಕಮಹಾದೇವಿಯ ಮಾತನ್ನು ಇಲ್ಲಿ ಎತ್ತುವವರಿದ್ದಾರೆ. ಅವಳ ದಾರಿಯೇ ಬೇರೆ. ಹರಿಹರನ ರಗಳೆಯಲ್ಲಿ ಅವಳಿಗೆ ಸಂಗಡಿಗರ ಹಂಗಿಲ್ಲ. ಯುಗಾದಿಯ ಪಾದಯಾತ್ರಿಗೆ ಅವಳು ಆದರ್ಶವಾಗಬಹುದು, ಕನ್ನಡಿಯಾಗಲಾರಳು. ಕನ್ನಡಿ ಸೊನ್ನಲಿಗೆಯ ಹುಡುಗನೇ.

ಮುಂದಿನ ಸಮ್ಮೇಳನದಲ್ಲಿ ಭಾಷಣವೊಂದನ್ನು ಕಡಿಮೆ ಮಾಡಿ, ರಾಘವಾಂಕನ ಈ ಪ್ರಸಂಗವನ್ನೂ ಸೋಮನಾಥನ ಪರ್ವತ ಪ್ರಕರಣದ ಒಂದು ಭಾಗವನ್ನೂ ಒಂದೇ ವೇದಿಕೆಯಲ್ಲಿ ಓದಿಸಬಾರದೇಕೆ ಎಂದು ಕಾರ್ಯಕಾರಿ ಸಮಿತಿಯವರನ್ನು ಕೇಳಿಕೊಳ್ಳುತ್ತೇನೆ. ಷಟ್ಪದಿಯನ್ನು ರಾಗವಾಗಿ ಓದಬಲ್ಲ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ವಿದ್ವದ್ಗದ್ವಾಲವೆಂದು ಹೆಸರಾದ ಊರಿನಲ್ಲಿ ದ್ವಿಪದ ಹಾಡುವವರೂ ಹುಡುಕಿದರೆ ಸಿಗದೆ ಇರಲಾರರು.