ಒಬ್ಬರ ಒಪ್ಪಿಗೆ, ಊರೆಲ್ಲರ ಮಾಹಿತಿ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2023ರ ಆಗಸ್ಟ್ 11ರಂದು. ಅದರ ನಿಯಮಗಳು ಬರಲು 2025ರ ನವೆಂಬರ್ ಆಯಿತು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರುವುದು ಅಲ್ಲಿಂದ ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ. ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂಗಳು ನಮ್ಮ ಬಗ್ಗೆ ಏನನ್ನು ಸಂಗ್ರಹಿಸಬಹುದು, ಹೇಗೆ ಕೇಳಿ ಪಡೆಯಬೇಕು ಎಂಬುದನ್ನು ಇನ್ನು ಮುಂದೆ ತೀರ್ಮಾನಿಸುವ ಕಾಯ್ದೆ ಇದೇ. ಬೆಳ್ಮಣ್ಣಿನಂಥ ಊರಿನ ಫೋನುಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಇದನ್ನು ಓದಬೇಕು. ಪಡುಬಿದ್ರಿ–ಕಾರ್ಕಳ ರಸ್ತೆಯ ಈ ಊರಿನಲ್ಲಿ ಮುಂಬಯಿಗೋ ಗಲ್ಫಿಗೋ ಒಬ್ಬರನ್ನಾದರೂ ಕಳಿಸದ ಮನೆ ಕಡಿಮೆ. ವಾಟ್ಸಾಪ್ ಇಲ್ಲಿ ಚಟವಲ್ಲ, ಸಂಸಾರ ನಡೆಯುವ ದಾರಿ. ಹಾಗೆ ಓದಿದಾಗ ನನಗೆ ಅನಿಸಿದ್ದು ಇಷ್ಟು: ಫೋನ್ ಹಿಡಿದವರನ್ನು ಈ ಕಾಯ್ದೆ ತಕ್ಕಮಟ್ಟಿಗೆ ಕಾಯುತ್ತದೆ. ಆ ಫೋನಿನೊಳಗೆ ಇರುವ ಉಳಿದವರು ಅದರ ಲೆಕ್ಕಕ್ಕೇ ಬಂದಿಲ್ಲ.

ಕಾಯ್ದೆಯ ಬೇರು ಕರ್ನಾಟಕದಲ್ಲೇ ಇದೆ. ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಪೀಠದಲ್ಲಿದ್ದ ಎಸ್. ಅಬ್ದುಲ್ ನಝೀರ್ ಅವರ ಊರು ಬೆಳುವಾಯಿ. ನಮ್ಮಲ್ಲಿಂದ ಕಾರ್ಕಳ ದಾಟಿ ಮೂಡುಬಿದಿರೆಗೆ ಹೋಗುವಾಗ ಸಿಗುತ್ತದೆ. ಮನುಷ್ಯನ ಘನತೆಯ ಮಾತಿನಿಂದ ಹೊರಟ ಆ ತೀರ್ಪನ್ನು ಓದಿದವರಿಗೆ 2023ರ ಕಾಯ್ದೆ ತುಂಬ ಚಿಕ್ಕದಾಗಿ ಕಾಣುತ್ತದೆ.

ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು. ಒಪ್ಪಿಗೆ ಒತ್ತಾಯದ್ದಾಗಿರಬಾರದು, ಯಾವ ಕೆಲಸಕ್ಕೆ ಎಂಬುದು ಸ್ಪಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಲು ಬರಬೇಕು ಎಂದು ಆರನೇ ಕಲಂ ಹೇಳುತ್ತದೆ. ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದ್ದರಲ್ಲಿ ಓದುವ ಅವಕಾಶ ಕೊಡಬೇಕು. ಕನ್ನಡ, ಕೊಂಕಣಿ ಆ ಪಟ್ಟಿಯಲ್ಲಿವೆ, ಇಲ್ಲಿ ಹೆಚ್ಚಿನವರ ಮನೆಮಾತಾದ ತುಳು ಇಲ್ಲ. ಆದರೂ ಕನ್ನಡದಲ್ಲಿ ಬಂದರೆ ಇಲ್ಲಿನವರಿಗೆ ಓದಿಕೊಳ್ಳಲು ಕಷ್ಟವಿಲ್ಲ. 2021ರಲ್ಲಿ ವಾಟ್ಸಾಪ್ ಹೊಸ ನೀತಿ ತಂದು, ಒಪ್ಪುವುದಲ್ಲದೆ ಬಳಕೆದಾರರಿಗೆ ಬೇರೆ ದಾರಿ ಇಲ್ಲದಂತೆ ಮಾಡಿದ್ದು ನೆನಪಿರಬಹುದು. ಅದು ತಪ್ಪು ಎಂದು ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ವಾಟ್ಸಾಪ್‌ನ ಒಡೆಯ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಮುಂದಿನ ವರ್ಷ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿಕೊಂಡು, ಜಾಹೀರಾತಿಗಾಗಿ ಮಾಹಿತಿ ಹಂಚಿಕೊಳ್ಳಬಾರದೆಂದು ಆಯೋಗ ಹಾಕಿದ್ದ ಐದು ವರ್ಷದ ನಿರ್ಬಂಧವನ್ನು ತೆಗೆದುಹಾಕಿತು. ಸ್ಪರ್ಧೆಯ ಕಾನೂನನ್ನು ಹಿಡಿದು ಸುತ್ತು ಬಳಸಿ ಮಾಡಬೇಕಾಗಿ ಬಂದ ಈ ಕೆಲಸವನ್ನು ಇನ್ನು ನೇರವಾಗಿ ಮಾಡಬಹುದು. ಅಷ್ಟು ಲಾಭ ಇದೆ.

ಆದರೆ ಒಪ್ಪಿಗೆ ನಿಜವಾಗಿ ನಡೆಯುವ ಜಾಗಕ್ಕೆ ಹೋಗಿ ನೋಡಿ. ಮುಂಬಯಿಯ ಮಗ ಕೊಟ್ಟುಹೋದ ಫೋನ್ ಹಿಡಿದು ಒಬ್ಬ ಅಮ್ಮ ಪೇಟೆಯ ಮೊಬೈಲ್ ಅಂಗಡಿಗೆ ಬರುತ್ತಾರೆ. ಸಿಮ್ ಹಾಕಬೇಕು, ವಾಟ್ಸಾಪ್ ಮಾಡಿಕೊಡಬೇಕು. ಅಂಗಡಿಯ ಹುಡುಗ ನಂಬರು ಕೇಳಿ, ಬಂದ ಓಟಿಪಿಯನ್ನು ತಾನೇ ಓದಿ ಹಾಕಿ, ಒಂದರ ಹಿಂದೊಂದು ಬರುವ ಪ್ರಶ್ನೆಗಳಿಗೆಲ್ಲ ‘ಅನುಮತಿಸಿ’ ಎಂದು ಒತ್ತುತ್ತಾ ಹೋಗುತ್ತಾನೆ. ಕಾಂಟ್ಯಾಕ್ಟ್, ಫೋಟೊ, ಮೈಕ್, ಲೊಕೇಶನ್. ಅಮ್ಮನಿಗೆ ಬೇಕಾದದ್ದು ಮೊಮ್ಮಗುವಿನ ಮುಖ. ಹುಡುಗನದು ತಪ್ಪಲ್ಲ, ಹಿಂದೆ ಇನ್ನೂ ನಾಲ್ಕು ಮಂದಿ ನಿಂತಿದ್ದಾರೆ. ಆ ಫೋನಿನ ಕಾಂಟ್ಯಾಕ್ಟ್ ತೆರೆದರೆ ಮಗಳ ಗಂಡನ ಮನೆ, ಬೀಡಿ ಬ್ರಾಂಚು, ಮಲ್ಲಿಗೆ ಕಟ್ಟೆಯವರು, ಸಂಘದ ಮೇಡಂ, ಕಾರ್ಕಳದ ಲ್ಯಾಬು, ಮಣಿಪಾಲದ ಡಾಕ್ಟರು, ದುಬೈಯ ಅಳಿಯ. ಯಾರಿಗೆ ಯಾರು ಆಗಬೇಕು, ಯಾರ ಮನೆಯಲ್ಲಿ ಕಾಯಿಲೆ ಇದೆ, ಯಾರಿಗೆ ಸಾಲ ಇದೆ ಎಂಬುದನ್ನೆಲ್ಲ ಆ ಪಟ್ಟಿಯಿಂದ ಊಹಿಸಬಹುದು. ವಾಟ್ಸಾಪ್‌ನ ನೀತಿಯೇ ಹೇಳುವಂತೆ ಅನುಮತಿ ಕೊಟ್ಟರೆ ಕಾಂಟ್ಯಾಕ್ಟಿನಲ್ಲಿರುವ ನಂಬರುಗಳು ಕಂಪನಿಗೆ ಹೋಗುತ್ತವೆ, ವಾಟ್ಸಾಪ್ ಬಳಸದವರದ್ದೂ. ಬಳಸದವರ ನಂಬರನ್ನು ಗುರುತು ಸಿಗದಂತೆ ಇಡುತ್ತೇವೆ ಎಂದು ಕಂಪನಿ ಹೇಳುತ್ತದೆ. ಇರಬಹುದು. ಕೇಳಿದ್ದು ಮಾತ್ರ ಅವರನ್ನಲ್ಲ.

ಕಾಯ್ದೆ ಮಾಡಿದವರಿಗೆ ಈ ವಿಷಯ ಹೊಳೆಯಲಿಲ್ಲವೇ ಎಂದರೆ, ಹೊಳೆದಿದೆ. ಆರನೇ ಕಲಮಿನ ಕೆಳಗೆ ಒಂದು ದೃಷ್ಟಾಂತ ಕೊಟ್ಟಿದ್ದಾರೆ: ಫೋನಿನಲ್ಲೇ ವೈದ್ಯರ ಸಲಹೆ ಕೊಡುವ ಒಂದು ಆ್ಯಪ್ ರೋಗಿಯ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳುತ್ತದೆ, ಆಕೆ ಒಪ್ಪುತ್ತಾಳೆ. ಚಿಕಿತ್ಸೆಗೆ ಆ ಪಟ್ಟಿ ಬೇಕಿಲ್ಲವಾದ್ದರಿಂದ ಆ ಒಪ್ಪಿಗೆ ಅಷ್ಟರ ಮಟ್ಟಿಗೆ ಲೆಕ್ಕಕ್ಕಿಲ್ಲ ಎಂದು ಕಾಯ್ದೆ ತೀರ್ಮಾನಿಸುತ್ತದೆ. ಸರಿಯಾದ ತೀರ್ಮಾನ. ಆದರೆ ಅಲ್ಲಿ ಕೇಳಿಕೊಂಡ ಪ್ರಶ್ನೆ ನೋಡಿ: ಈ ಆ್ಯಪಿಗೆ ಪಟ್ಟಿ ಅಗತ್ಯವೇ? ಪಟ್ಟಿಯಲ್ಲಿರುವ ನೂರಾರು ಮಂದಿ ಒಪ್ಪಿದ್ದಾರೆಯೇ ಎಂಬ ಪ್ರಶ್ನೆ ಬಂದೇ ಇಲ್ಲ. ಸಂದೇಶದ ಆ್ಯಪುಗಳು ನಮಗಂತೂ ಪಟ್ಟಿ ಅಗತ್ಯ ಎಂದು ಹೇಳಿದರೆ ಅಲ್ಲಿಗೆ ವಾದವೇ ಮುಗಿಯಿತು. ಇಡೀ ಕಾಯ್ದೆಯಲ್ಲಿ ನನಗೆ ಅತಿ ದೊಡ್ಡ ಕೊರತೆಯಾಗಿ ಕಂಡದ್ದು ಇದು.

ಇನ್ನೊಂದು ಕೊರತೆ ಮೂರನೇ ಕಲಮಿನಲ್ಲಿದೆ. ವೈಯಕ್ತಿಕ ಅಥವಾ ಮನೆಯ ಉದ್ದೇಶಕ್ಕೆ ಒಬ್ಬ ವ್ಯಕ್ತಿ ಮಾಹಿತಿ ಬಳಸಿದರೆ ಕಾಯ್ದೆ ಅನ್ವಯಿಸದು. ಮದುವೆಯ ಫೋಟೊ ಕಳಿಸಿದವರ ಮೇಲೆ ಕೇಸು ಬೀಳಬಾರದು, ನಿಜ. ಆದರೆ 2022ರ ಫೆಬ್ರುವರಿಯನ್ನು ನೆನಪಿಸಿಕೊಳ್ಳಿ. ಹಿಜಾಬ್ ವಿವಾದದ ನಡುವೆ ಉಡುಪಿಯ ವಿದ್ಯಾರ್ಥಿನಿಯರ ವಿಳಾಸ, ಹೆತ್ತವರ ಫೋನ್ ನಂಬರುಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿದವು. ಪೋಷಕರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ದೂರು ಕೊಡಬೇಕಾಯಿತು. ವಿವಾದದಲ್ಲಿ ನೀವು ಯಾವ ಕಡೆ ಇದ್ದರೂ ಸರಿ, ಕಾಲೇಜಿಗೆ ಹೋಗುವ ಹೆಣ್ಣುಮಗಳ ಮನೆ ವಿಳಾಸ ಊರೂರಿನ ಗ್ರೂಪುಗಳಲ್ಲಿ ಬಂದು ಬೀಳುವುದನ್ನು ಯಾರೂ ಒಪ್ಪಲಾಗದು. ಅಂಥ ಸಂದೇಶವನ್ನು ಮುಂದಕ್ಕೆ ಕಳಿಸಿದವರದ್ದು ವೈಯಕ್ತಿಕ ಉದ್ದೇಶವೇ? ಕಾಯ್ದೆ ಇದಕ್ಕೆ ಸ್ಪಷ್ಟ ಉತ್ತರ ಕೊಡುವುದಿಲ್ಲ. ಊರಿನಲ್ಲಿ ಮಾನ ಹೋಗುವುದು ಅಮೆರಿಕದ ಸರ್ವರಿನಿಂದ ಅಲ್ಲ, ಗ್ರೂಪಿನಿಂದ ಗ್ರೂಪಿಗೆ ದಾಟುವ ಒಂದು ಪಿಡಿಎಫ್‌ನಿಂದ.

ಪಿಡಿಎಫ್ ಎಂದ ಕೂಡಲೇ 2020ರ ಮಾರ್ಚ್ ತಿಂಗಳು ಎದುರಿಗೆ ಬರುತ್ತದೆ. ವಿದೇಶದಿಂದ ಬಂದು ಹೋಮ್ ಕ್ವಾರಂಟೈನಿನಲ್ಲಿದ್ದವರ ಮನೆ ವಿಳಾಸಗಳನ್ನು ರಾಜ್ಯ ಸರ್ಕಾರವೇ ಪ್ರಕಟಿಸಿತು. ಗಂಟೆಗೊಮ್ಮೆ ಸೆಲ್ಫಿ ಕಳಿಸಿ, ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ಮಾತ್ರ ವಿನಾಯಿತಿ ಎಂಬ ಆದೇಶವೂ ಬಂತು. ಮೇ, ಜೂನ್ ಹೊತ್ತಿಗೆ ಮಹಾರಾಷ್ಟ್ರದಿಂದ ಊರಿಗೆ ಬಂದವರಿಂದಾಗಿ ಉಡುಪಿ ಜಿಲ್ಲೆಯ ಕೋವಿಡ್ ಸೋಂಕಿತರ ಸಂಖ್ಯೆ ಏರಿತು. ದಿನದ ಬುಲೆಟಿನ್‌ನಲ್ಲಿ ಹೆಸರಿರಲಿಲ್ಲ. ವಯಸ್ಸು, ಎಲ್ಲಿಂದ ಬಂದವರು ಎಂಬುದಿತ್ತು. ಗ್ರಾಮದಲ್ಲಿ ಅಷ್ಟು ಸಾಕು, ಮನೆ ಯಾವುದೆಂದು ಗೊತ್ತಾಗುತ್ತದೆ. ವರ್ಷಗಟ್ಟಲೆ ಹೋಟೆಲಿನಲ್ಲಿ ದುಡಿದು ದೇವಸ್ಥಾನದ ಬ್ರಹ್ಮಕಲಶಕ್ಕೆ, ಶಾಲೆಯ ಕಟ್ಟಡಕ್ಕೆ ಹಣ ಕಳಿಸಿದವರನ್ನೇ ಸ್ವಂತ ಊರು ದೂರ ನಿಲ್ಲಿಸಿದ ದಿನಗಳವು. ಹೊಸ ಕಾಯ್ದೆಯ ಏಳನೇ ಕಲಂ ಸಾಂಕ್ರಾಮಿಕ ರೋಗದ ಕಾಲದಲ್ಲಿ ಚಿಕಿತ್ಸೆ, ಆರೋಗ್ಯ ಸೇವೆಗಾಗಿ ಒಪ್ಪಿಗೆ ಇಲ್ಲದೆ ಮಾಹಿತಿ ಬಳಸಲು ಬಿಡುತ್ತದೆ. ಹದಿನೇಳನೇ ಕಲಂ ಸರ್ಕಾರದ ಸಂಸ್ಥೆಗಳಿಗೆ ಪೂರ್ತಿ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ಒಪ್ಪಿಸುತ್ತದೆ. ಇತ್ತ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿಯನ್ನು ಸಾರ್ವಜನಿಕ ಹಿತಕ್ಕಾಗಿ ಕೊಡಬಹುದು ಎಂಬ ಮಾತನ್ನು ಅಲ್ಲಿಂದ ತೆಗೆದಿದ್ದಾರೆ. ಸಾರ್ವಜನಿಕ ಹಿತ ದೊಡ್ಡದಾದಾಗ ಮಾಹಿತಿ ಕೊಡಲು ಬಿಡುವ 8(2) ಉಳಿದಿದೆ ಎಂಬುದು ಸರ್ಕಾರದ ಸಮರ್ಥನೆ. ಪಂಚಾಯಿತಿಯಲ್ಲಿ ಮನೆ ಮಂಜೂರಾದವರ ವಿವರ ಕೇಳಿದವನಿಗೆ ಇಲ್ಲ ಎನ್ನಲು ಮಾತ್ರ ಈಗ ಹಾದಿ ಸುಲಭವಾಗಿದೆ.

ಹದಿನೆಂಟು ತುಂಬದ ಮಕ್ಕಳ ಚಲನವಲನ ಹಿಂಬಾಲಿಸಿ ಜಾಹೀರಾತು ತೋರಿಸಬಾರದೆಂಬ ಒಂಬತ್ತನೇ ಕಲಂ ಕಾಯ್ದೆಯ ಗಟ್ಟಿ ಭಾಗ. ಅಪ್ಪ ಕುವೈತಿನಲ್ಲಿ, ಫೋನು ಅಜ್ಜಿಯ ಕೈಯಲ್ಲಿ ಇರುವ ಮನೆಗಳಲ್ಲಿ, ಅದೇ ಕಲಂ ಕೇಳುವ ಪೋಷಕರ ಒಪ್ಪಿಗೆಯನ್ನು ಖಾತ್ರಿ ಮಾಡಿಕೊಳ್ಳುವುದು ಸುಲಭವಲ್ಲ, ಆದರೂ ಆ ಕಲಂ ಬೇಕು.

ಕೊನೆಗೆ ನಷ್ಟವಾದವರ ಮಾತು. ಮಾಹಿತಿ ಸೋರಿದರೆ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಆ ಹಣ ಹೋಗುವುದು ಭಾರತದ ಸಂಚಿತ ನಿಧಿಗೆ. ಯಾರ ಮಾಹಿತಿ ಸೋರಿತೋ ಅವರಿಗೆ ಒಂದು ರೂಪಾಯಿ ಇಲ್ಲ. ಐಟಿ ಕಾಯ್ದೆಯ 43ಎ ಕಲಮಿನಡಿ ಕಂಪನಿಯ ನಿರ್ಲಕ್ಷ್ಯಕ್ಕೆ ಪರಿಹಾರ ಕೇಳುವ ಒಂದು ದಾರಿ ಇತ್ತು. ಈ ಕಾಯ್ದೆ ಅದನ್ನೂ ತೆಗೆದುಹಾಕುತ್ತದೆ. ಹುರುಳಿಲ್ಲದ ದೂರು ಕೊಟ್ಟರೆ ಜನರಿಗೇ ಹತ್ತು ಸಾವಿರದವರೆಗೆ ದಂಡ ಎಂಬುದನ್ನು ಮಾತ್ರ ಮರೆಯದೆ ಸೇರಿಸಿದ್ದಾರೆ. ಪರಿಹಾರದ ಮಾತು ಯಾರಿಗೂ ತೋಚದ್ದೇನಲ್ಲ. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ 2018ರ ಕರಡಿನಲ್ಲಿ ಅದು ಇತ್ತು, 2019ರ ಮಸೂದೆಯಲ್ಲೂ ಇತ್ತು. ಆ ಮಸೂದೆಯನ್ನು 2022ರ ಆಗಸ್ಟಿನಲ್ಲಿ ಹಿಂದಕ್ಕೆ ಪಡೆದು ಹೊಸದು ಬರೆಯುವಾಗ ಅದನ್ನು ಬಿಟ್ಟರು. 2027ರ ಮೇ ಬರುವ ಮೊದಲು ಸಂಸತ್ತು ಪರಿಹಾರದ ಆ ಕಲಮನ್ನು ಮತ್ತೆ ಸೇರಿಸಬೇಕು. ಫೋನಿನಲ್ಲಿ ಹೆಸರಿದ್ದೂ ಒಪ್ಪಿಗೆ ಕೊಡದವರು ಸಹ ಅದರಡಿ ಪರಿಹಾರ ಕೇಳುವಂತಾಗಬೇಕು.