ಕನ್ನಡ ಕಾವ್ಯದಲ್ಲಿ ನ್ಯಾಯನಿರ್ಣಯ: ಮೂರು ಸಂದರ್ಭಗಳು

ನಮ್ಮ ಹಳೆಯ ಕಾವ್ಯಗಳನ್ನು ಕುರಿತು ಬರೆಯುವವರಲ್ಲಿ ಒಂದು ಮಾತು ರೂಢಿಯಾಗಿ ನಿಂತಿದೆ: ಕೊನೆಗೆ ಧರ್ಮಕ್ಕೆ ಜಯ, ಅಧರ್ಮಕ್ಕೆ ಕ್ಷಯ. ಮಾತು ಸುಳ್ಳಲ್ಲ, ಆದರೆ ಅದನ್ನು ಆಡಿದೊಡನೆ ವಿಮರ್ಶಕನ ಕೆಲಸ ತೀರಿತೆಂದು ಭಾವಿಸುವುದು ಸರಿಯಲ್ಲ. ಆ ಜಯ ಬಂದುದು ಯಾರಿಂದ, ಯಾವ ದಾರಿಯಿಂದ, ತೀರ್ಪು ಕೊಡಬೇಕಾದವರು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು ಎಂಬ ಪ್ರಶ್ನೆಗಳನ್ನು ಕೇಳಿದಾಗ ಕಾವ್ಯಗಳು ಒಂದೇ ಉತ್ತರವನ್ನು ಕೊಡುವುದಿಲ್ಲ. ದುರ್ಗಸಿಂಹ, ಕುಮಾರವ್ಯಾಸ, ಜನ್ನ ಈ ಮೂವರ ಕೃತಿಗಳಿಂದ ಒಂದೊಂದು ಸಂದರ್ಭವನ್ನು ಆರಿಸಿಕೊಂಡು ಈ ವಿಷಯವನ್ನು ಪರಿಶೀಲಿಸಬಹುದು.

ಚಾಲುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ವಸುಭಾಗಭಟ್ಟನ ಪರಂಪರೆಯನ್ನು ಅನುಸರಿಸಿ ಬರೆದ ಪಂಚತಂತ್ರದಲ್ಲಿ ಧರ್ಮಬುದ್ಧಿ ದುಷ್ಟಬುದ್ಧಿಯರ ಕಥೆ ಬರುತ್ತದೆ. ಶಾಲೆಯ ಪಾಠಪುಸ್ತಕದಲ್ಲಿ ಓದಿ ಮರೆತವರಿಗಾಗಿ ಅದನ್ನು ಸಂಕ್ಷೇಪವಾಗಿ ನೆನಪಿಸುತ್ತೇನೆ. ಇಬ್ಬರು ವರ್ತಕರು ಕೂಡಿ ಗಳಿಸಿದ ಹೊನ್ನನ್ನು ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿ ಅದನ್ನು ಕದ್ದು, ಕದ್ದವನು ಧರ್ಮಬುದ್ಧಿಯೇ ಎಂದು ಧರ್ಮಾಧಿಕರಣರ ಮುಂದೆ ದೂರುತ್ತಾನೆ. ಸಾಕ್ಷಿ ಯಾರೆಂದು ಕೇಳಿದರೆ ಆ ಆಲದ ಮರವೇ ಎನ್ನುತ್ತಾನೆ. ಮಗನ ಒತ್ತಾಯಕ್ಕೆ ಮಣಿದು ತಂದೆ ಪ್ರೇಮಮತಿ ಮರದ ಪೊಟರೆಯಲ್ಲಿ ಅಡಗುತ್ತಾನೆ. ಮರುದಿನ ಮರ ಮಾತಾಡುತ್ತದೆ. ಧರ್ಮಬುದ್ಧಿಯೇ ಕಳ್ಳನೆಂದು ನುಡಿಯುತ್ತದೆ.

ಇಲ್ಲಿ ಓದುಗನು ತುಸು ನಿಲ್ಲಬೇಕು. ಧರ್ಮಶಾಸ್ತ್ರದ ವಿಧಿ ಏನೆಂದರೆ, ಬರಹ, ಭುಕ್ತಿ, ಸಾಕ್ಷಿ ಇವು ಪ್ರಮಾಣಗಳು. ಇವು ಯಾವುವೂ ದೊರೆಯದಿದ್ದಾಗ ತುಲೆ, ಅಗ್ನಿ, ಜಲ, ವಿಷ, ಕೋಶ ಮುಂತಾದ ದಿವ್ಯಗಳನ್ನು ಆಶ್ರಯಿಸಬಹುದು. ಯಾಜ್ಞವಲ್ಕ್ಯಸ್ಮೃತಿಯ ಈ ವಿಧಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದದ್ದು ಇದೇ ಚಾಲುಕ್ಯ ಮನೆತನದ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಕಲ್ಯಾಣದಲ್ಲಿ. ಆಸ್ತಿಯ ವ್ಯಾಜ್ಯಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮನೆತನಗಳಿಗೆ ಆ ಗ್ರಂಥದ ಹೆಸರು ಇಂದಿಗೂ ಅಪರಿಚಿತವಲ್ಲ. ಅಂದರೆ ದುರ್ಗಸಿಂಹನ ಕಥೆ, ಮನುಷ್ಯಸಾಕ್ಷಿ ಇಲ್ಲದ ಕಡೆ ದೈವವನ್ನು ಪ್ರಮಾಣವಾಗಿ ಒಪ್ಪಿದ ಸಮಾಜದಲ್ಲಿ ಹುಟ್ಟಿದ್ದು. ಮರ ನುಡಿಯಿತೆಂದರೆ ಅಲ್ಲಿ ನೆರೆದವರಿಗೆ ಅದು ದೈವದ ನುಡಿ. ಧರ್ಮಾಧಿಕರಣರು ಬೆರಗಾಗುತ್ತಾರೆ, ಆದರೆ ಪೊಟರೆಯೊಳಗೆ ಇಣಿಕಿ ನೋಡುವುದಿಲ್ಲ. ನೋಡಬೇಕೆಂಬ ಯೋಚನೆಯೂ ಅವರಿಗೆ ಬರುವುದಿಲ್ಲ.

ನೋಡುವವನು ಆಪಾದಿತನೇ. ಅವನು ಮರವನ್ನು ಸುತ್ತಿ ಬರುತ್ತಾನೆ. ದೊಡ್ಡ ಪೊಟರೆಯನ್ನು ಕಾಣುತ್ತಾನೆ. ಮನುಷ್ಯರು ಓಡಾಡಿದ ಗುರುತುಗಳನ್ನು ಕಂಡು ನಿಶ್ಚಯಕ್ಕೆ ಬರುತ್ತಾನೆ. ಆಮೇಲೆ ಬೆಂಕಿ ಇಡುತ್ತಾನೆ. ಅವನ ಹೆಸರಿನ ಮೊದಲ ಪದವನ್ನಷ್ಟೇ ಹಿಡಿದು, ಸತ್ಯವಂತನಾದ್ದರಿಂದ ಗೆದ್ದ ಎನ್ನುವವರು ಕಥೆಯನ್ನು ಅರ್ಧ ಓದಿದವರು. ಸತ್ಯವಂತನಾಗಿ ಸುಮ್ಮನೆ ನಿಂತಿದ್ದರೆ ಅವನು ಕಳ್ಳನೆಂದೇ ಮನೆಗೆ ಹೋಗುತ್ತಿದ್ದ. ಗೆಲ್ಲಿಸಿದ್ದು ಎರಡನೆಯ ಪದ. ‘ನ್ಯಾಯ’ ಎಂಬ ಶಬ್ದಕ್ಕೆ ಶಾಸ್ತ್ರದಲ್ಲಿ ತರ್ಕವೆಂಬ ಅರ್ಥವಿದೆ. ನಮ್ಮ ಹಳ್ಳಿಗಳಲ್ಲಿ ಜಗಳಕ್ಕೂ ನ್ಯಾಯವೆಂದೇ ಹೆಸರು. ಜಗಳ, ತರ್ಕ, ತೀರ್ಮಾನ ಮೂರನ್ನೂ ಒಂದೇ ಪದದಲ್ಲಿ ಅಡಗಿಸಿದ ಭಾಷೆಗೆ ತಕ್ಕ ಕಥೆ ಇದು.

ಆದರೂ ಒಂದು ಮುಳ್ಳು ಉಳಿಯುತ್ತದೆ. ಪೊಟರೆಯಲ್ಲಿ ಮನುಷ್ಯನಿದ್ದಾನೆಂದು ಧರ್ಮಬುದ್ಧಿಗೆ ಗೊತ್ತಾಗಿದೆ. ಗೊತ್ತಾದ ಮೇಲೆಯೇ ಬೆಂಕಿ. ಒಳಗಿದ್ದವನು ಮೂಲ ಕಳ್ಳನಲ್ಲ. ಈ ಉಪಾಯ ಕುಲವನ್ನೇ ಕೆಡಿಸೀತೆಂದು ಮಗನನ್ನು ಎಚ್ಚರಿಸಿ, ಕೊನೆಗೆ ಮೋಹಕ್ಕೆ ಸೋತ ಮುದುಕ. ಅವನು ಬೆಂದು ಹೊರಗೆ ಬಿದ್ದು ಸಾಯುತ್ತಾನೆ. ಸುಳ್ಳುಸಾಕ್ಷಿಗೆ ಇದು ತಕ್ಕ ದಂಡವೇ? ‘ಹೊರಗೆ ಬಾ’ ಎಂದು ಕೂಗಿದ್ದರೆ ಸಾಲದಾಗಿತ್ತೇ? ದುರ್ಗಸಿಂಹ ಈ ಪ್ರಶ್ನೆಯನ್ನು ಎತ್ತುವುದಿಲ್ಲ. ನೀತಿಕಥೆಯ ಓಟಕ್ಕೆ ಅದು ಅಡ್ಡಿಯಾಗುತ್ತಿತ್ತೆಂದು ಸಮಾಧಾನ ಹೇಳಬಹುದು. ನನಗೆ ಅನಿಸುವುದು ಬೇರೆ: ಅಧಿಕರಣರು ಮಾಡಬೇಕಾದ ಶೋಧನೆಯನ್ನು ನೊಂದವನ ಕೈಗೆ ಬಿಟ್ಟಾಗ, ಶೋಧನೆಯ ಜೊತೆಗೆ ಶಿಕ್ಷೆಯೂ ಅವನ ಕೈಗೇ ಹೋಗುತ್ತದೆ. ತನ್ನ ಮಾನ ಹೋಗುತ್ತಿರುವವನು ಬೆಂಕಿಯ ಪ್ರಮಾಣವನ್ನು ಅಳೆಯಲಾರ. ಕವಿ ಹೇಳದೆ ಬಿಟ್ಟರೂ ಕಥೆಯ ರಚನೆಯಲ್ಲಿ ಈ ಮಾತು ಇದ್ದೇ ಇದೆ.

ಕುಮಾರವ್ಯಾಸನ ಸಭಾಪರ್ವಕ್ಕೆ ಬಂದರೆ ಪೀಠದಲ್ಲಿರುವವರು ಅಜ್ಞರಲ್ಲ. ಭೀಷ್ಮ, ದ್ರೋಣ, ವಿದುರ, ಎಲ್ಲರೂ ಧರ್ಮವನ್ನು ಬಲ್ಲವರು. ದ್ರೌಪದಿ ಕೇಳುವುದು ಕರುಣೆಯನ್ನಲ್ಲ, ವ್ಯವಹಾರದ ಪ್ರಶ್ನೆಯನ್ನು: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತು ದಾಸನಾದವನಿಗೆ ಮತ್ತೊಬ್ಬರನ್ನು ಪಣವಾಗಿ ಒಡ್ಡುವ ಅಧಿಕಾರ ಎಲ್ಲಿಯದು? ವಕೀಲರು ಮೆಚ್ಚುವಂಥ ಪ್ರಶ್ನೆ. ಇಲ್ಲಿ ಸಾಕ್ಷಿಯ ಕೊರತೆಯಿಲ್ಲ. ನಡೆದುದನ್ನು ಸಭೆಯೆಲ್ಲ ಕಂಡಿದೆ. ಕೊರತೆಯಿರುವುದು ಬಾಯಿ ತೆರೆಯುವವರಿಗೆ. ಕೌರವರಲ್ಲಿ ಕಿರಿಯನಾದ ವಿಕರ್ಣನೊಬ್ಬ ಮಾತಾಡುತ್ತಾನೆ. ಅವನನ್ನು ಕರ್ಣ ಗದರಿಸಿ ಕೂರಿಸುತ್ತಾನೆ. ಧರ್ಮದ ಗತಿ ಸೂಕ್ಷ್ಮವೆಂಬ ಹಿರಿಯರ ಉತ್ತರ ವ್ಯಾಸಭಾರತದಿಂದಲೂ ಪ್ರಸಿದ್ಧವಾದದ್ದು. ಸೂಕ್ಷ್ಮತೆ ಸುಳ್ಳಲ್ಲದಿರಬಹುದು, ಆದರೆ ಮುಡಿ ಹಿಡಿದು ಎಳೆತಂದ ಹೆಂಗಸಿನ ಎದುರಿಗೆ ಅದು ಮೌನಕ್ಕೆ ಹೊದಿಸಿದ ಪಂಡಿತರ ಶಾಲು.

ನಮ್ಮಲ್ಲಿ ಗಮಕಿಗಳೂ ಹರಿಕಥೆಯ ದಾಸರೂ ಈ ಭಾಗದಲ್ಲಿ ಅಕ್ಷಯವಸ್ತ್ರದ ಪ್ರಸಂಗಕ್ಕೇ ಪ್ರಾಶಸ್ತ್ಯ ಕೊಡುತ್ತಾರೆ. ಅದಕ್ಕೆ ಕಾರಣವೂ ಇದೆ. ಗದುಗಿನ ವೀರನಾರಾಯಣನ ಭಕ್ತನಾದ ಕವಿಯ ಮನಸ್ಸು ಅಲ್ಲಿ ಉಕ್ಕಿ ಹರಿದಿದೆ. ಆದರೆ ಆ ಆವೇಶದಲ್ಲಿ ಒಂದು ಸಂಗತಿ ಮರೆಯಾಗುತ್ತದೆ. ಕೃಷ್ಣನು ಸೀರೆ ಕೊಟ್ಟ, ಉತ್ತರ ಕೊಡಲಿಲ್ಲ. ಆಮೇಲೆ ಧೃತರಾಷ್ಟ್ರ ಹೆದರಿ ವರ ಕೊಟ್ಟ, ಅದೂ ತೀರ್ಪಲ್ಲ. ಅನುಗ್ರಹವೂ ವರವೂ ಮೇಲಿನಿಂದ ಇಳಿದು ಬರುವಂಥವು. ಕೊಟ್ಟವನು ಕೊಡದೆಯೂ ಇರಬಹುದಿತ್ತು. ದ್ರೌಪದಿ ಕೇಳಿದ್ದು ತನಗೆ ಸಲ್ಲಬೇಕಾದದ್ದನ್ನು. ಅದು ಆ ಸಭೆಯಲ್ಲಿ ಸಲ್ಲಲಿಲ್ಲ; ಮುಂದೆ ಕುರುಕ್ಷೇತ್ರದಲ್ಲಿ ಸಂದದ್ದು ಸೇಡು. ಸೇಡನ್ನೂ ನ್ಯಾಯವನ್ನೂ ಒಂದೆಂದು ಎಣಿಸುವವರು ಈ ಸಭೆಯ ಸಂಧಿಗಳನ್ನು ಇನ್ನೊಮ್ಮೆ ಓದಬೇಕೆಂದು ನನ್ನ ಬಿನ್ನಹ.

1209ರ ‘ಯಶೋಧರಚರಿತೆ’ಯಲ್ಲಿ ಜನ್ನ ನಮ್ಮನ್ನು ನ್ಯಾಯಾಧೀಶನೇ ಇಲ್ಲದ ಲೋಕಕ್ಕೆ ಒಯ್ಯುತ್ತಾನೆ. ತಾಯಿಯ ಒತ್ತಾಯಕ್ಕೆ ಒಪ್ಪಿ ಯಶೋಧರ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕೊಂದದ್ದು ಹಿಟ್ಟನ್ನು, ಆದರೆ ಸಂಕಲ್ಪ ಹಿಂಸೆಯದು. ಅಷ್ಟಕ್ಕೇ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳನ್ನು ಎತ್ತಿ, ಮತ್ತೆ ಮತ್ತೆ ಕೊಲೆಯಾಗುತ್ತಾರೆ. ಅವರಿಗೆ ವಿಷವಿಕ್ಕಿ ಕೊಂದ ಅಮೃತಮತಿಗೂ ನರಕ ತಪ್ಪುವುದಿಲ್ಲ, ನಿಜ. ಆದರೂ ಅಪರಾಧಕ್ಕೂ ದಂಡಕ್ಕೂ ಅಳತೆ ಕೂಡದ ಈ ಲೆಕ್ಕ ಜೈನೇತರ ಓದುಗನನ್ನು ಕಾಡುತ್ತದೆ. ನನ್ನನ್ನೂ ಬಹುಕಾಲ ಕಾಡಿದೆ. ಕರ್ಮಸಿದ್ಧಾಂತದಲ್ಲಿ ಹೀಗೆಯೇ ಎಂದು ಹೇಳಿ ಮುಂದೆ ಹೋಗುವುದು ಕಾವ್ಯವನ್ನು ಸಿದ್ಧಾಂತದ ಉದಾಹರಣೆಯಾಗಿ ಮಾಡಿದಂತೆ.

ಕಾವ್ಯದ ಕಟ್ಟಡವನ್ನು ನೋಡಿದರೆ ದಾರಿ ಕಾಣುತ್ತದೆ. ಈ ಕಥೆಯನ್ನು ಕವಿ ನೇರವಾಗಿ ನಮಗೆ ಹೇಳುತ್ತಿಲ್ಲ. ಮಾರಿದತ್ತರಾಜನು ಚಂಡಮಾರಿಯ ಮುಂದೆ ಬಲಿ ಕೊಡಲು ಹಿಡಿದು ತರಿಸಿದ ಬಾಲಕ ಅಭಯರುಚಿ, ತಂಗಿ ಅಭಯಮತಿಯನ್ನು ಪಕ್ಕದಲ್ಲಿಟ್ಟುಕೊಂಡು, ಕತ್ತಿ ಹಿಡಿದ ಆ ರಾಜನಿಗೆ ಹೇಳುತ್ತಿದ್ದಾನೆ. ಅವರ ನಿರ್ಭಯವನ್ನು ಕಂಡು ಬೆರಗಾದ ರಾಜ ನೀವು ಯಾರೆಂದು ಕೇಳಿದ್ದಕ್ಕೆ ಈ ಭವಾವಳಿಯೇ ಉತ್ತರ. ಹಿಟ್ಟಿನ ಕೋಳಿಯ ಪಾಪ ಇಷ್ಟು ದೊಡ್ಡದಾಗಿ ಕಾಣಬೇಕಾದದ್ದು ಅದಕ್ಕಾಗಿ: ಕೇಳುವವನು ನಿಜವಾದ ಮಕ್ಕಳ ಕೊರಳ ಮೇಲೆ ಕತ್ತಿ ಎತ್ತಿದ್ದಾನೆ. ಹೇಳುವವನು ಅವನನ್ನು ದೂರುವುದಿಲ್ಲ, ಪ್ರಾಣಭಿಕ್ಷೆ ಬೇಡುವುದಿಲ್ಲ. ಯಶೋಧರನಾಗಿ ತಾನು ಮಾಡಿದ ತಪ್ಪನ್ನೇ ಎಣಿಸಿ ಹೇಳುತ್ತಾನೆ. ಧರ್ಮಬುದ್ಧಿ ಪೊಟರೆಯನ್ನು ಶೋಧಿಸಿದ, ದ್ರೌಪದಿ ಸಭೆಯನ್ನು; ಈ ಬಾಲಕ ಶೋಧಿಸುವುದು ತನ್ನನ್ನು.

ಈ ಮೂರನೆಯದು ಉಳಿದೆರಡಕ್ಕಿಂತ ಮೇಲೆಂದು ನಾನು ಹೇಳಲಾರೆ. ಆಲದ ಮರದ ಮುಂದೆ ಧರ್ಮಬುದ್ಧಿ ತನ್ನ ಹಿಂದಿನ ಪಾಪಗಳನ್ನು ಎಣಿಸುತ್ತ ನಿಂತಿದ್ದರೆ ಹೊನ್ನೂ ಹೋಗುತ್ತಿತ್ತು, ಮಾನವೂ ಹೋಗುತ್ತಿತ್ತು. ದುಶ್ಶಾಸನ ಮಾರಿದತ್ತನಂತೆ ಕೇಳುವ ಕಿವಿಯುಳ್ಳವನೂ ಆಗಿರಲಿಲ್ಲ. ಆದರೆ ಮೂರರಲ್ಲಿ ಯಾರೂ ಬೇಯದೆ, ಯಾರ ರಕ್ತವೂ ಚೆಲ್ಲದೆ ಮುಗಿದದ್ದು ಇದೊಂದೇ. ಕಥೆ ತೀರುವ ಹೊತ್ತಿಗೆ ಮಾರಿದತ್ತನ ಕತ್ತಿ ಕೆಳಗಿಳಿದಿದೆ, ಮಕ್ಕಳಿಬ್ಬರೂ ಬದುಕಿದ್ದಾರೆ.