ನೋಡಲಾರದ ಮುಖವನ್ನು ನೋಡಿದ ಕವಿತೆ

ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ದುಡಿಯುತ್ತಿರುವ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳು ಕೆಲವರು ಆಗಾಗ ದಾಸರಹಳ್ಳಿಯಲ್ಲಿ ಕೂಡಿ ಕಾವ್ಯವಾಚನ ನಡೆಸುವುದುಂಟು. ಈಚೆಗೆ ಅಲ್ಲಿ ವರಕವಿ ದ. ರಾ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯ ಓದು ನಡೆಯಿತು. ಮುಗಿದ ಮೇಲೆ ಮಿತ್ರರೊಬ್ಬರು, “ಬರೆದುದರಿಂದ ಕವಿಯ ದುಃಖ ಹಗುರವಾಯಿತು” ಎಂದರು. ಲೇತ್ ಯಂತ್ರದ ಮುಂದೆ ದುಡಿಯುವ ಇನ್ನೊಬ್ಬರು, ಎರಡು ವರ್ಷದ ಹಿಂದೆ ಮಗುವನ್ನು ಕಳೆದುಕೊಂಡವರು, ಏನೂ ಹೇಳದೆ ಎದ್ದು ಹೊರಗೆ ಹೋದರು. ಆ ಮಾತು, ಈ ಮೌನ ಎರಡೂ ಪ್ರಸ್ತುತ ಬರಹಕ್ಕೆ ಕಾರಣ.

ಪಲ್ಲವಿಯನ್ನಷ್ಟೇ ಕೇಳಿದವರು ಇದನ್ನು ಪ್ರಣಯಗೀತವೆಂದು ಭ್ರಮಿಸುವುದುಂಟು. ಬೇಂದ್ರೆಯವರ (1896–1981) ಸಂಸಾರದಲ್ಲಿ ಸಾವು ಮತ್ತೆ ಮತ್ತೆ ಹೊಕ್ಕು ಹೋಯಿತು. ಹಲವು ಮಕ್ಕಳನ್ನು ಅವರು ಎಳವೆಯಲ್ಲಿಯೇ ಕಳೆದುಕೊಂಡರು. ಈ ಕವಿತೆ ಅಂಥದೊಂದು ಗಳಿಗೆಯದು. ಆದರೆ ಕವಿಯ ಕಣ್ಣು ನೆಟ್ಟಿರುವುದು ಮಗುವಿನ ಮೇಲಲ್ಲ, ಅದರ ತಾಯಿಯ ಮೇಲೆ. ಆಕೆಯ ನೋಟವನ್ನು ಎದುರಿಸಲಾರೆನೆಂದು ಗಂಡ ಬೇಡಿಕೊಳ್ಳುತ್ತಾನೆ.

ಇಲ್ಲಿಯೇ ಕವಿತೆಯ ಮರ್ಮವಿದೆ. ನೋಡಬೇಡವೆಂದು ಕೇಳಿಕೊಂಡವನು ಮುಂದೆ ಮಾಡುವುದೇನು? ನುಡಿನುಡಿಗೂ ಆಕೆಯನ್ನೇ ನೋಡುತ್ತಾನೆ. ಬಣ್ಣ ಹಾರಿದ ತುಟಿ, ಗದ್ದ, ಗಲ್ಲ, ಹಣೆ, ತನ್ನವಲ್ಲವೆಂಬಂತಾದ ಆ ಕಣ್ಣು, ಒಂದನ್ನೂ ಬಿಡುವುದಿಲ್ಲ. ಸಾವು ಮಗುವನ್ನು ಒಯ್ದುದಷ್ಟೇ ಅಲ್ಲದೆ ಈ ಮುಖದ ಮೇಲೂ ಕೈಯಾಡಿಸಿದೆಯೆಂದು ಅವನಿಗೆ ಭಯ ಹುಟ್ಟುವುದು ಹೀಗೆ ನೋಡಿದ್ದರಿಂದಲೇ. ಹಗಲಿನಲ್ಲಿ ಕಳೆಗೆಟ್ಟು ನಿಂತ ಪೂರ್ಣಚಂದ್ರನ ಉಪಮೆ ಅಲ್ಲಿಂದಲೇ ಬಂದಿದೆ. ತಂದೆಯಾದವನಿಗೆ ಆ ದಿನ ತಲೆಯೆತ್ತಲು ಆಗಲಿಲ್ಲ. ಕವಿಯಾದವನು ಪದ್ಯ ಕಟ್ಟುತ್ತ ತಲೆಯೆತ್ತಿದನು. ಆದುದರಿಂದ ದುಃಖ ಹಗುರವಾಯಿತೆಂಬ ಮಿತ್ರರ ಮಾತನ್ನು ನಾನು ಒಪ್ಪಲಾರೆ. ಭಾರ ಇದ್ದಷ್ಟೇ ಇದೆ, ಅದರ ಮುಖ ಮಾತ್ರ ಕಂಡಿದೆ. ಮನಸ್ಸಿನಲ್ಲಿದ್ದುದನ್ನು ಕಾಗದಕ್ಕೆ ಸುರಿದರೆ ಸಾಕು, ನೆಮ್ಮದಿ ತಾನೇ ಬರುತ್ತದೆಂದು ಈಗ ಎಲ್ಲೆಡೆ ಉಪದೇಶ ನಡೆದಿದೆ. ಸುರಿಯುವುದು ಸುಲಭ, ಬೇಂದ್ರೆಯವರು ಸುರಿಯಲಿಲ್ಲ, ಕಟ್ಟಿದರು.

ಶೋಕವೇ ಶ್ಲೋಕವಾಯಿತೆಂಬ ವಾಲ್ಮೀಕಿಯ ಕಥೆ ವಾಚಕರಿಗೆ ತಿಳಿದುದೇ. ಅಲ್ಲಿ ಋಷಿ ಕಂಡುದು ಹಕ್ಕಿಯ ಶೋಕ. ಕರುಣರಸಕ್ಕೆ ಬೇಕೆಂದು ಲಾಕ್ಷಣಿಕರು ಹೇಳುವ ದೂರ ಅವನಿಗೆ ತಾನಾಗಿ ಒದಗಿತ್ತು. ಇಲ್ಲಿ ಶೋಕ ಸ್ವಂತ ಮನೆಯದು. ಆ ದೂರವನ್ನು ಕವಿ ಎಲ್ಲಿಂದ ತರಬೇಕು? ತನ್ನ ಅಳಲನ್ನು ಹೇಳಿಕೊಳ್ಳದೆ ಹೆಂಡತಿಯ ಅಳಲನ್ನು ಕಾಣುವುದರಿಂದ ಆ ದೂರ ಒದಗಿತೆಂದು ನನಗೆ ತೋರುತ್ತದೆ.

ಭಾಷೆಯನ್ನೂ ಗಮನಿಸಬೇಕು. ವೇದಾಂತದ ಪರಿಭಾಷೆಯಲ್ಲಿ ಸಾಂತ್ವನ ಹೇಳಬಲ್ಲ ಪಾಂಡಿತ್ಯ ಅವರಿಗಿತ್ತು; ‘ನಾಕುತಂತಿ’ಗೆ 1973ರ ಜ್ಞಾನಪೀಠ ಪ್ರಶಸ್ತಿ ಬಂದುದನ್ನು ಎಲ್ಲರೂ ಬಲ್ಲರು. ಆದರೂ ಇಲ್ಲಿ ಧಾರವಾಡದ ಮನೆಮಾತನ್ನೇ ಆರಿಸಿಕೊಂಡರು. ನಮ್ಮ ತಾಯಂದಿರು ಬೀಸುವ ಕಲ್ಲಿನ ಮುಂದೆ ಕುಳಿತು ತವರಿನ ನೆನಪನ್ನೂ ಸತ್ತ ಮಕ್ಕಳ ನೆನಪನ್ನೂ ಹಾಡಿಕೊಂಡ ಮಾತು ಅದು. ಕಲ್ಲಿನ ಸದ್ದು ಹಾಡಿಗೆ ಜತೆಯಾಗುತ್ತಿತ್ತು. ಕಾರ್ಖಾನೆಯ ಸದ್ದು ಹಾಗಲ್ಲ, ಪಕ್ಕದವನ ಮಾತನ್ನೂ ನುಂಗುತ್ತದೆ.

ತನ್ನನ್ನು ನಂಬಿ ಬಂದವಳಿಗೆ ತಾನು ದೇವರಲ್ಲವೆಂದು ಗಂಡ ಒಪ್ಪಿಕೊಳ್ಳುವ ಭಾಗ ಈ ಕವಿತೆಯ ಅತ್ಯಂತ ಪ್ರಾಮಾಣಿಕವಾದ ಭಾಗ. ಅದಾದ ಮೇಲೆಯೇ ಕೊನೆಯ ನುಡಿ ಬರುತ್ತದೆ: ನಗೆಯಿಂದ ದುಃಖವನ್ನು ಮರೆಮಾಚಬೇಡ, ತುಂಬಿದ ಮೋಡದಂಥ ಕಣ್ಣನ್ನು ಹರಿಯಗೊಡು ಎಂದು ಆತ ಕೇಳುತ್ತಾನೆ. ದುಃಖವನ್ನು ನುಂಗಿಕೊಂಡವನೇ ಧೀರನೆಂದು, ಅದೇ ವೈರಾಗ್ಯವೆಂದು ತಿಳಿದಿರುವ ನಮ್ಮಂಥವರು ಈ ನುಡಿಯ ಮುಂದೆ ತುಸು ನಿಲ್ಲಬೇಕು.

ಒಂದು ಸಂದೇಹವನ್ನು ಮುಚ್ಚಿಡಲಾರೆ. ಕವಿಗೇನೋ ಕವಿತೆ ದೊರಕಿತು, ಲಕ್ಷ್ಮೀಬಾಯಿಯವರಿಗೆ ದೊರಕಿದ್ದೇನು? 1937ರ ‘ಸಖೀಗೀತ’ದಲ್ಲಿ ಬೇಂದ್ರೆಯವರು ದಾಂಪತ್ಯದ ಸುಖದುಃಖಗಳನ್ನು ಮತ್ತೆ ಹಾಡಿದರು. ಅಲ್ಲಿಯೂ ಹಾಡಿದವರು ಅವರೇ. ಆಕೆಯ ಸ್ವರ ನಮಗೆ ಕೇಳಿಸುವುದು ಗಂಡನ ಮಾತಿನ ಬಿಡುವಿನಲ್ಲಿ ಮಾತ್ರ. ಈ ಕೊರತೆಯನ್ನು ಕವಿತೆ ನೀಗಲಾರದು. ಆಕೆ ಅಳಲಿಯೆಂದು ಅದು ಬೇಡಬಲ್ಲುದು, ಅಷ್ಟೇ.

ಹೊರಗೆ ಹೋದ ಮಿತ್ರರು ಅರ್ಧ ಗಂಟೆಯ ಮೇಲೆ ಮರಳಿ ಬಂದು, ಪುಸ್ತಕ ಕೇಳಿ, ಕೊನೆಯ ನುಡಿಯನ್ನಷ್ಟೇ ಚೀಟಿಯ ಮೇಲೆ ಬರೆದುಕೊಂಡರು. “ಮನೆಯಾಕೆಗೆ ಓದಿ ಹೇಳಬೇಕು, ಅಣ್ಣಾ. ಅಂದಿನಿಂದ ನಾವಿಬ್ಬರೂ ಆ ಮಾತೆತ್ತಿಲ್ಲ” ಎಂದರು. ಓದಿ ಹೇಳಿದರೋ ಇಲ್ಲವೋ, ನಾನು ವಿಚಾರಿಸಿಲ್ಲ.